ಒಂದೇ ಒಲೆ, ಎರಡು ಕಾಗದ



ಪ್ರಭುತ್ವದ ಕೈಯಲ್ಲಿ ಎರಡು ತಕ್ಕಡಿಗಳಿವೆ. ಕಿತ್ತುಕೊಳ್ಳುವಾಗ ಅದು ಗಂಡ, ಹೆಂಡತಿ, ಮಕ್ಕಳನ್ನು ಒಂದೇ ಗಂಟು ಕಟ್ಟಿ ತೂಗುತ್ತದೆ. ಕೊಡುವಾಗ ಅದೇ ಗಂಟನ್ನು ಬಿಚ್ಚುತ್ತದೆ, ಒಬ್ಬೊಬ್ಬರ ಕಾಗದ ಕೇಳುತ್ತದೆ, ಇವಳು ನಮ್ಮವಳಲ್ಲ ಎಂದು ಪಕ್ಕಕ್ಕೆ ತಳ್ಳುತ್ತದೆ. ಈ ಎರಡು ತಕ್ಕಡಿಗಳ ಮೋಸದ ಬಗ್ಗೆ ನಾವು ಬರೆಯುತ್ತಿದ್ದೇವೆ. ಬರೆಯುತ್ತಿರುವುದು ಸದಾಶಿವಗಡದಿಂದ. ಯಾಕೆ ಸದಾಶಿವಗಡದಿಂದ? ಗಡಿ ಅನ್ನೋದು ಎಷ್ಟು ಸುಳ್ಳು, ಅದರ ಪೆಟ್ಟು ಎಷ್ಟು ನಿಜ ಅನ್ನೋದು ಈ ಊರಿಗೆ ಗೊತ್ತಿರುವಷ್ಟು ಬೆಂಗಳೂರಿಗೆ ಗೊತ್ತಿಲ್ಲ. ದಿಲ್ಲಿಗಂತೂ ಗೊತ್ತೇ ಇಲ್ಲ.

ಕಾಳಿ ನದಿಯ ತೆಂಕಣ ದಂಡೆಯಲ್ಲಿ ಕೋಡಿಬಾಗ, ಬಡಗಣ ದಂಡೆಯಲ್ಲಿ ಸದಾಶಿವಗಡ. ಚಿತ್ತಾಕುಲ, ಮಾಜಾಳಿ ದಾಟಿದರೆ ಪೋಳೆಂ. ಅಲ್ಲಿಂದ ಆಚೆ ಗೋವಾ. ಸೋಂದೆಯ ಅರಸ ಈ ಗುಡ್ಡದ ಮೇಲೆ ಕೋಟೆ ಕಟ್ಟಿ ತನ್ನ ತಂದೆಯ ಹೆಸರಿಟ್ಟ. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. ಆಮೇಲೆ ಹೈದರ್ ಬಂದ, ಟಿಪ್ಪು ಬಂದ, ಇಂಗ್ಲಿಷರು ಬಂದರು. 1862ರಲ್ಲಿ ಈ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. 1956ರಲ್ಲಿ ಮುಂಬಯಿಯಿಂದ ಬಿಡಿಸಿ ಮೈಸೂರಿಗೆ ಸೇರಿಸಿದರು. ಯಜಮಾನರು ಬದಲಾದರು. ರಂಪಣಿ ಬಲೆ ಎಳೆಯುವವರು, ಗದ್ದೆಯ ಕೆಸರಿಗೆ ಇಳಿಯುವವರು, ಇಳಿತದ ಹೊತ್ತಿಗೆ ಕಾಳಿಯಲ್ಲಿ ಸೊಂಟದವರೆಗೆ ನಿಂತು ಚಿಪ್ಪಿ ಹೆಕ್ಕುವ ಹೆಂಗಸರು ಬದಲಾಗಲಿಲ್ಲ. ಕಾಣಕೋಣದ ಹೆಣ್ಣು ಈಚೆಗೆ ಸೊಸೆಯಾಗಿ ಬಂದಳು, ಈಚೆಯ ಹೆಣ್ಣು ಕಾಣಕೋಣಕ್ಕೆ ಹೋದಳು. ಎರಡೂ ಕಡೆ ಅದೇ ಕೊಂಕಣಿ, ಅದೇ ಗಂಜಿ, ಅದೇ ಬಂಗಡೆ ಸಾರು. ಎರಡೂ ಕಡೆ ಅದೇ ಜಾತಿ, ಅದೇ ಊರ ಹೊರಗಿನ ಕೇರಿ.

ಈಗ ಒಂದು ಮಾತು ಕೇಳಿ. 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದಾಗ ಗೋವಾ ಪೋರ್ಚುಗಲ್ಲಿನ ಮುಷ್ಟಿಯಲ್ಲಿತ್ತು. ಆ ಮೇಲೆ ಗೋವಾದಿಂದ ಸದಾಶಿವಗಡಕ್ಕೆ ಸೊಸೆಯಾಗಿ ಬಂದವಳು ಕಾಗದದ ಲೆಕ್ಕದಲ್ಲಿ ಯಾರು? ಪೋರ್ಚುಗಲ್ಲಿನ ಪ್ರಜೆ. ಅರ್ಜಿ ಹಾಕಿ ನೋಂದಾಯಿಸಿಕೊಳ್ಳುವವರೆಗೆ ಪರದೇಶಿ. 1955ರಲ್ಲಿ ಭಾರತ ಸರ್ಕಾರ ಗೋವಾ ಗಡಿಯನ್ನು ಬಿಗಿ ಮಾಡಿ ದಿಗ್ಬಂಧನ ಹಾಕಿದಾಗ ಅವಳ ತವರಿಗೂ ಗಂಡನ ಮನೆಗೂ ನಡುವೆ ಬಂದೂಕು ನಿಂತಿತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದರು. 1962ರಲ್ಲಿ ಒಂದು ಪೌರತ್ವ ಆದೇಶ ಬಂತು. ತಾನಾಗಲಿ, ತಂದೆತಾಯಿಯಾಗಲಿ, ಅಜ್ಜ ಅಜ್ಜಿಯಾಗಲಿ 1961ರ ಡಿಸೆಂಬರ್ 20ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದ್ದರೆ ಅವರೆಲ್ಲ ಭಾರತದ ಪ್ರಜೆಗಳು ಎಂದಿತು. ಬೇಡ ಎನ್ನುವವರಿಗೆ ಒಂದು ತಿಂಗಳ ಗಡುವು ಕೊಟ್ಟಿತು.

ಒಂದು ಗೆಜೆಟ್ ಹಾಳೆ! ನಿನ್ನೆ ಪರದೇಶಿ, ಇವತ್ತು ಸ್ವದೇಶಿ. ಆ ಹೆಣ್ಣಿನ ಮೈಯಲ್ಲಿ ಏನು ಬದಲಾಯಿತು? ಅದೇ ಕೈ, ಅದೇ ಒಲೆ, ಅದೇ ಗಂಡ, ಅದೇ ಹಸಿವು. ಹಾಗಾದರೆ ಪರದೇಶಿತನ ಅನ್ನೋದು ಅವಳ ರಕ್ತದಲ್ಲಿರಲಿಲ್ಲ, ಸರ್ಕಾರದ ಕಪಾಟಿನಲ್ಲಿತ್ತು. ಕಪಾಟಿನಲ್ಲಿ ಇಟ್ಟದ್ದನ್ನು ಕಪಾಟಿನಿಂದಲೇ ತೆಗೆಯಬಹುದು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಯಾಕೆಂದರೆ ಇವತ್ತು ನಮ್ಮದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಸೊಸೆಯಂದಿರು ಅದೇ ಕಪಾಟಿನ ಮುಂದೆ ನಿಂತಿದ್ದಾರೆ.

ಭಟ್ಕಳದ ನವಾಯತ ಮನೆತನಗಳು ದೇಶ ಇಬ್ಭಾಗವಾದಾಗ ತಾವೂ ಇಬ್ಭಾಗವಾದವು. ಅಣ್ಣ ಭಟ್ಕಳದಲ್ಲಿ, ತಮ್ಮ ಕರಾಚಿಯಲ್ಲಿ. ಆ ನೆಂಟಸ್ತಿಕೆಯ ದಾರಿಯಲ್ಲಿ ಮದುವೆಯಾಗಿ ಬಂದ ಹೆಂಗಸರು ದೀರ್ಘಾವಧಿ ವೀಸಾ ಎಂಬ ಕಾಗದದ ಮೇಲೆ ಬದುಕುತ್ತಿದ್ದಾರೆ. ಪೌರತ್ವ ಕಾಯ್ದೆಯ 5ನೇ ಕಲಮಿನ ಪ್ರಕಾರ ಭಾರತೀಯನನ್ನು ಮದುವೆಯಾದವಳು ಅರ್ಜಿ ಹಾಕುವ ಮೊದಲು 7 ವರ್ಷ ಇಲ್ಲಿ ವಾಸವಿರಬೇಕು. 1986ರ ತಿದ್ದುಪಡಿಯಲ್ಲಿ ಅದು 5 ವರ್ಷವಿತ್ತು, ಆಮೇಲೆ 7 ಮಾಡಿದರು. 7 ವರ್ಷ ತುಂಬಿದ ಕೂಡಲೇ ಕಾಗದ ಕೈಗೆ ಬೀಳುತ್ತದೆಯೇ? ಇಲ್ಲ. ಆಗ ಅರ್ಜಿ ಹಾಕುವ ಹಕ್ಕು ಬರುತ್ತದೆ, ಅಷ್ಟೆ. ಅಲ್ಲಿಯವರೆಗೆ ಅವಳು ಹೆರುತ್ತಾಳೆ, ಬೇಯಿಸುತ್ತಾಳೆ, ಅತ್ತೆಯ ಮಲಮೂತ್ರ ತೆಗೆಯುತ್ತಾಳೆ. ಆದರೆ ಮನೆಯವಳಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಕೊಲೆಗಡುಕರು 26 ಜನರನ್ನು ಕೊಂದರು. ಸತ್ತವರಿಗಾಗಿ ನಾವೂ ಅತ್ತಿದ್ದೇವೆ. ಅದಾದ ಮೇಲೆ ಪಾಕಿಸ್ತಾನದವರ ವೀಸಾಗಳು ರದ್ದಾದವು. ದೀರ್ಘಾವಧಿ ವೀಸಾಕ್ಕೆ ವಿನಾಯಿತಿ ಸಿಕ್ಕಿತು, ನಿಜ. ಆದರೆ ಆ ದಿನಗಳಲ್ಲಿ ಆ ಹೆಂಗಸರ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ಯಾವ ಪತ್ರಿಕೆ ಕೇಳಿತು?

ಈಗ ಲೆಕ್ಕಕ್ಕೆ ಬರೋಣ. ಭಾವನೆ ಬೇಡ ಅನ್ನುವವರಿಗೆ ಕಿಲೋ ಲೆಕ್ಕವೇ ಇರಲಿ.

ಒಂದು ಮನೆ ಅಂತ ಇಟ್ಟುಕೊಳ್ಳಿ. ಕೂಲಿ ಮಾಡುವ ಗಂಡ, ಹೊರದೇಶದಿಂದ ಬಂದ ಹೆಂಡತಿ, ಎರಡು ಮಕ್ಕಳು, ಮುದಿ ತಾಯಿ. ಐದು ಹೊಟ್ಟೆ. 2013ರ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಎನ್ನುತ್ತದೆ. ರಾಜ್ಯ ತನ್ನ ಗಂಟಿನಿಂದ ಕೊಡುವುದು ಬೇರೆ. ಐದು ತಲೆಗೆ 25 ಕಿಲೋ. ಹೆಂಡತಿಯ ಹೆಸರು ಕಾರ್ಡಿಗೆ ಏರದಿದ್ದರೆ 20 ಕಿಲೋ. ಆ 20 ಕಿಲೋ ಅಕ್ಕಿಯನ್ನು ಒಲೆಯ ಮೇಲಿಟ್ಟರೆ ಮಡಕೆಗೆ ಪೌರತ್ವ ಗೊತ್ತಾಗುತ್ತದೆಯೇ? ಐವರೂ ತಿನ್ನುತ್ತಾರೆ. ಯಾರಿಗೆ ಕಡಿಮೆ ಬೀಳುತ್ತದೆ ಅಂತ ನಾವು ಹೇಳಬೇಕೇ? ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳಿಗೆ. ತಿಳಿ ಕುಡಿದು ಏಳುವವಳಿಗೆ.

ಮುದಿ ತಾಯಿ ತೀರಿಕೊಂಡಳು ಅಂತ ಇಟ್ಟುಕೊಳ್ಳಿ. ಅದೇ ಕಾಯ್ದೆಯ 13ನೇ ಕಲಮು ಮನೆಯ 18 ದಾಟಿದ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಎನ್ನುತ್ತದೆ. ಒಳ್ಳೆಯ ಕಲಮು. ಆದರೆ ಈ ಮನೆಯ ಏಕೈಕ ಹೆಂಗಸು ಕಾರ್ಡಿನಲ್ಲೇ ಇಲ್ಲ. ಗಂಡಸೇ ಯಜಮಾನ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ದೀಪ ಹಚ್ಚಿ ಉದ್ಘಾಟಿಸಿದ ಗೃಹಲಕ್ಷ್ಮಿ ಯಾರಿಗೆ? ರೇಶನ್ ಕಾರ್ಡಿನಲ್ಲಿ ಯಜಮಾನಿ ಎಂದು ಬರೆದವಳಿಗೆ. ತಿಂಗಳಿಗೆ 2000, ವರ್ಷಕ್ಕೆ 24,000 ರೂಪಾಯಿ. ಈ ಮನೆಗೆ ಸೊನ್ನೆ. ಗಂಡ ಇಲ್ಲಿಯವನೇ, ಮಕ್ಕಳು ಇಲ್ಲಿಯವರೇ, ಬಡತನ ಅಪ್ಪಟ ಕರ್ನಾಟಕದ್ದೇ. ಆದರೂ ಸೊನ್ನೆ. ಗೃಹ ಇದೆ, ಲಕ್ಷ್ಮಿಗೆ ವೀಸಾ ಇದೆ, ಆದ್ದರಿಂದ ಆಗೂದಿಲ್ಲ!

ಇನ್ನೊಂದು ತಕ್ಕಡಿ ನೋಡಿ. ಇದೇ ಯೋಜನೆಯಲ್ಲಿ ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಹೆಂಡತಿಗೆ ಹಣವಿಲ್ಲ. ಅಲ್ಲಿ ಗಂಡ ಹೆಂಡತಿ ಒಂದೇ ಜೀವ, ಒಂದೇ ಜೇಬು. ಬಡತನದ ಕಾರ್ಡಿಗೆ ಮನೆಯ ವರ್ಷದ ಆದಾಯ 1,20,000 ರೂಪಾಯಿ ದಾಟಬಾರದು ಎಂಬ ಮಿತಿಯಿದೆ. ಅಲ್ಲಿ ಮನೆಯವರೆಲ್ಲರ ದುಡಿಮೆಯೂ ಒಂದೇ ರಾಶಿ. ಅಂದರೆ ಇವಳ ಬೆವರು ಕುಟುಂಬದ್ದು, ಇವಳ ಬಾಯಿ ಕುಟುಂಬದ್ದಲ್ಲ. ಅಂಗಡಿಯಲ್ಲಿ ಸೋಪು ಕೊಂಡರೆ ಬೆಲೆಯ ಒಳಗೇ ತೆರಿಗೆ ಕುಳಿತಿರುತ್ತದೆ. ಆ ತೆರಿಗೆಯನ್ನು ಎತ್ತುವಾಗ ಯಾವ ಅಧಿಕಾರಿಯೂ, ಅಮ್ಮಾ ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿದ್ದನ್ನು ನಾವು ಕಂಡಿಲ್ಲ.

ಹೊಟ್ಟೆಯ ಮಾತು ಇದಾದರೆ ಹೊಟ್ಟೆಯಲ್ಲಿರುವ ಕೂಸಿನ ಮಾತು ಇನ್ನೂ ಘೋರ. 2004ರ ಡಿಸೆಂಬರ್ 3ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಇಲ್ಲಿ ಹುಟ್ಟಿದ ಮಗು ಪ್ರಜೆಯಾಗಬೇಕಾದರೆ ತಂದೆತಾಯಿ ಇಬ್ಬರೂ ಪ್ರಜೆಗಳಾಗಿರಬೇಕು. ಇಲ್ಲವೇ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಕ್ರಮ ವಲಸಿಗ ಅಂದರೆ ಯಾರು? ಕಳ್ಳದಾರಿಯಲ್ಲಿ ನುಸುಳಿದವರು ಮಾತ್ರ ಅಲ್ಲ. ಸರಿಯಾದ ಕಾಗದ ಹಿಡಿದು ಬಂದು ಅವಧಿ ಮೀರಿ ಉಳಿದವರೂ ಅದೇ ಪಟ್ಟಿಯಲ್ಲಿ. ತಾಯಿಯ ವೀಸಾ ಮುಗಿದ ಮರುದಿನ ಮಗು ಹುಟ್ಟಿದರೆ, ಅಪ್ಪ ಏಳು ತಲೆಮಾರಿನಿಂದ ಈ ಮಣ್ಣಿನವನಾಗಿದ್ದರೂ, ಮಗುವಿನ ಪೌರತ್ವವೇ ಅಲುಗಾಡುತ್ತದೆ. ಹೆರಿಗೆ ನೋವು ಕ್ಯಾಲೆಂಡರ್ ನೋಡಿಕೊಂಡು ಬರಬೇಕು! 1946ರ ವಿದೇಶೀಯರ ಕಾಯ್ದೆ ಹೋಗಿ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಬಂದಿದೆ. ಹೆಸರು ಹೊಸದು. ನಾನು ಪರದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ ಮಾತ್ರ ಹಳೆಯದೇ, ಆರೋಪ ಹೊತ್ತವರ ತಲೆಯ ಮೇಲೆಯೇ.

ಇಲ್ಲಿ ಕೆಲವು ದೇಶಭಕ್ತರು ಎದ್ದು ನಿಲ್ಲುತ್ತಾರೆ. ನಮ್ಮ ಅಕ್ಕಿ ಹೊರಗಿನವರಿಗೆ ಯಾಕ್ರೀ ಅನ್ನುತ್ತಾರೆ. ಸ್ವಾಮಿ, ನಾವು ಅಕ್ಕಿ ಕೇಳುತ್ತಿರುವುದು ಇಸ್ಲಾಮಾಬಾದಿಗೂ ಅಲ್ಲ, ಲಿಸ್ಬನ್ನಿಗೂ ಅಲ್ಲ. ಭಾರತದ ಪ್ರಜೆಯೊಬ್ಬನ ಒಲೆಗೆ, ಅವನ ಮಕ್ಕಳ ಗಂಗಾಳಕ್ಕೆ. ಭದ್ರತೆಯ ಪ್ರಶ್ನೆ ಅನ್ನುತ್ತೀರಾ? ಅವಳ ವಿಳಾಸ, ಭಾವಚಿತ್ರ, ಬೆರಳಚ್ಚು ಎಲ್ಲ ಪೊಲೀಸರ ಬಳಿ ಇದೆ. ಅವಳ ಪಾಲಿನ 5 ಕಿಲೋ ಅಕ್ಕಿ ತಡೆದರೆ ಯಾವ ಗೂಢಚಾರ ಸಿಕ್ಕಿಬೀಳುತ್ತಾನೆ? ಇನ್ನು ಸಂವಿಧಾನದ ಮಾತು. ಬಾಬಾಸಾಹೇಬರು ಮುಂದೆ ನಿಂತು ರೂಪಿಸಿದ ಆ ಗ್ರಂಥದಲ್ಲಿ 19ನೇ ವಿಧಿ ಪ್ರಜೆ ಎನ್ನುತ್ತದೆ. ಆದರೆ 14 ಮತ್ತು 21ನೇ ವಿಧಿಗಳು ವ್ಯಕ್ತಿ ಎನ್ನುತ್ತವೆ. ಇದು ಕೈತಪ್ಪಿ ಬರೆದದ್ದಲ್ಲ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬದುಕುವ ಹಕ್ಕು ಪ್ರಜೆಗೂ ಪ್ರಜೆಯಲ್ಲದವರಿಗೂ ಒಂದೇ ಎಂದಿತು. 2000ದಲ್ಲಿ ಬಾಂಗ್ಲಾದೇಶದ ಹೆಣ್ಣೊಬ್ಬಳ ಮೇಲೆ ರೈಲ್ವೆಯ ಜಾಗದಲ್ಲಿ ನಡೆದ ಅತ್ಯಾಚಾರದ ಮೊಕದ್ದಮೆಯಲ್ಲೂ ಅದನ್ನೇ ಹೇಳಿ ಪರಿಹಾರ ಕೊಡಿಸಿತು. ಆಹಾರ ಭದ್ರತಾ ಕಾಯ್ದೆಯೂ ಆದ್ಯತಾ ಕುಟುಂಬಕ್ಕೆ ಸೇರಿದ ಪ್ರತಿಯೊಬ್ಬ ವ್ಯಕ್ತಿ ಎನ್ನುತ್ತದೆ. ಬಸುರಿ ಬಾಣಂತಿಯರ ಊಟದ ಕಲಮಿನಲ್ಲಿ ಪ್ರತಿಯೊಬ್ಬ ಎಂದೇ ಇದೆ. ಶಿಕ್ಷಣದ ಹಕ್ಕೂ ಎಲ್ಲ ಮಕ್ಕಳಿಗೆ. ಕಾಯ್ದೆಯ ಬಾಯಿ ದೊಡ್ಡದು. ಕಿಟಕಿ ಮಾತ್ರ ಚಿಕ್ಕದು.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ತಮಿಳುನಾಡಿನವನು. ಮೀನುಗಾರರೂ ಪೊಲೀಸರೂ ಅವನನ್ನು ಮೇಲೆತ್ತಿದರು. ಮೊದಲು ಎತ್ತಿದರು, ಊರು ಯಾವುದೆಂದು ಆಮೇಲೆ ಕೇಳಿದರು. ನಮ್ಮ ಮೀನುಗಾರನಿಗಿರುವ ಈ ವಿವೇಕ ಕಚೇರಿಯ ಮೇಜಿಗೆ ಯಾಕಿಲ್ಲ?

ಇದು ಬರೀ ನಮ್ಮ ದೇಶದ ರೋಗವಲ್ಲ. 1961ಕ್ಕೆ ಮೊದಲು ಗೋವೆಯಲ್ಲಿ ಹುಟ್ಟಿದವರು ಮತ್ತು ಅವರ ಸಂತತಿ ಪೋರ್ಚುಗಲ್ಲಿನ ಪೌರತ್ವ ಪಡೆಯಲು ಅಲ್ಲಿನ ಕಾನೂನಿನಲ್ಲಿ ದಾರಿಯಿದೆ. ಆ ಕೆಂಪು ಪಾಸ್‌ಪೋರ್ಟ್ ಹಿಡಿದು ಸಾವಿರಾರು ಗೋವಾದವರು ಇಂಗ್ಲೆಂಡಿನ ಸ್ವಿಂಡನ್ನಿನಂಥ ಊರುಗಳಿಗೆ ಹೋದರು. ಹೋದವನು ಆ ಗಳಿಗೆಗೆ ಭಾರತದ ಪ್ರಜೆಯಲ್ಲ. ಹೆಂಡತಿ ಇನ್ನೂ ಪ್ರಜೆ. ಒಂದೇ ಹಾಸಿಗೆಯಲ್ಲಿ ಎರಡು ದೇಶ. ಇಂಗ್ಲೆಂಡಿನಲ್ಲಿ ಸಂಗಾತಿಯ ವೀಸಾದ ಮೇಲೆ ಒಂದು ಷರತ್ತು ಇರುತ್ತದೆ: ಸಾರ್ವಜನಿಕ ನಿಧಿಗೆ ಕೈಚಾಚುವಂತಿಲ್ಲ. ಅಲ್ಲಿನ ಯೂನಿವರ್ಸಲ್ ಕ್ರೆಡಿಟ್ ಎಂಬ ಬಡವರ ಸಹಾಯಧನದಲ್ಲಿ ಇಂಥ ದಂಪತಿಗೆ ಒಂಟಿ ವ್ಯಕ್ತಿಯ ಮೊತ್ತವನ್ನೇ ಕೊಡುತ್ತಾರೆ. ಆದರೆ ಆದಾಯ, ಉಳಿತಾಯ ಎಣಿಸುವಾಗ ಇಬ್ಬರದನ್ನೂ ಎಣಿಸುತ್ತಾರೆ. ನೋಡಿದಿರಾ? ಅದೇ ಎರಡು ತಕ್ಕಡಿ! ಸಾಮ್ರಾಜ್ಯ ಹೋದರೂ ತಕ್ಕಡಿ ಹೋಗಲಿಲ್ಲ. ಅಮೆರಿಕದಲ್ಲಿ 2020ರ ಕೊರೊನಾ ಕಾಲದಲ್ಲಿ ತಲೆಗೆ 1200 ಡಾಲರ್ ಹಂಚಿದರು. ಗಂಡ ಹೆಂಡತಿ ಜಂಟಿ ತೆರಿಗೆ ಪತ್ರ ಸಲ್ಲಿಸಿದ್ದು, ಒಬ್ಬರ ಬಳಿ ಸಾಮಾಜಿಕ ಭದ್ರತಾ ಸಂಖ್ಯೆ ಇಲ್ಲದಿದ್ದರೆ, ಸೈನಿಕರ ಮನೆಗಳನ್ನು ಬಿಟ್ಟು ಉಳಿದ ಮನೆಗಳಲ್ಲಿ ಅಮೆರಿಕದ ಪ್ರಜೆಯಾದ ಸಂಗಾತಿಗೂ ಇಲ್ಲ, ಮಕ್ಕಳಿಗೂ ಇಲ್ಲ. ಜನ ಕೂಗೆಬ್ಬಿಸಿದರು, ನ್ಯಾಯಾಲಯಕ್ಕೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಾನೂನು ತಿದ್ದಿ ಪ್ರಜೆಯಾದ ಸಂಗಾತಿಯ ಪಾಲನ್ನು ಕೊಟ್ಟರು. ಕೂಗಿದರೆ ಕಪಾಟು ತೆರೆಯುತ್ತದೆ.

ಇನ್ನು ನಮ್ಮವರದೇ ಒಂದು ಪಿಸುಮಾತು. ಇದು ಮುಸ್ಲಿಮರ ಸಮಸ್ಯೆ, ಪಾಸ್‌ಪೋರ್ಟ್ ಇರುವವರ ಸಮಸ್ಯೆ, ದಲಿತರ ಪತ್ರಿಕೆಗೆ ಇದು ಎಂತಕ್ಕೆ? ಆ ಗೆಳೆಯರನ್ನು ನಾವು ಪೋಳೆಂ ಗಡಿಗೆ ಕರೆದುಕೊಂಡು ಹೋಗುತ್ತೇವೆ.

ಮಹಾರ್ ಜಾತಿ ಗೋವಾದ ಪರಿಶಿಷ್ಟ ಪಟ್ಟಿಯಲ್ಲಿದೆ. ಕರ್ನಾಟಕದ ಪಟ್ಟಿಯಲ್ಲೂ ಇದೆ. ಕಾಣಕೋಣದ ಮಹಾರ್ ಹುಡುಗಿ ಈಚೆಯ ಮಹಾರ್ ಹುಡುಗನನ್ನು ಮದುವೆಯಾಗಿ ಬಂದಳು ಎನ್ನಿ. ಅದೇ ದೇಶ, ಅದೇ ಜಾತಿ, ಅದೇ ಕೇರಿ. ಮೀಸಲಾತಿಯ ಕೆಲಸಕ್ಕೆ ಅರ್ಜಿ ಹಾಕಲು ಹೋದರೆ, ನೀನು ಹೊರ ರಾಜ್ಯದವಳು, ಇಲ್ಲಿ ನಿನಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ ಎನ್ನುತ್ತಾರೆ. 1990ರಲ್ಲಿ ಮರ‍್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಗೆರೆ ಎಳೆಯಿತು. ಆ ರಾಜ್ಯಕ್ಕೆ ಸಂಬಂಧಿಸಿದಂತೆ ಎಂಬ 341ನೇ ವಿಧಿಯ ಮಾತು ಹಿಡಿದು ರಾಜ್ಯ ದಾಟಿದರೆ ಸೌಲಭ್ಯ ದಾಟುವುದಿಲ್ಲ ಎಂದಿತು. 2018ರಲ್ಲಿ ರಂಜನಾ ಕುಮಾರಿ ಮೊಕದ್ದಮೆ ಬಂತು. ಪಂಜಾಬಿನ ವಾಲ್ಮೀಕಿ ಹೆಣ್ಣು ಉತ್ತರಾಖಂಡಕ್ಕೆ ಮದುವೆಯಾಗಿ ಬಂದವರು. ಎರಡೂ ಕಡೆ ವಾಲ್ಮೀಕಿ ಪರಿಶಿಷ್ಟ ಜಾತಿಯೇ. ಆದರೂ ಇಲ್ಲ ಎಂದಿತು ಕೋರ್ಟು.

ಈಗ ಹೇಳಿ, ಇದು ವೀಸಾ ಅಲ್ಲದೆ ಮತ್ತೇನು? ಪಾಸ್‌ಪೋರ್ಟ್ ಕಂಡೇ ಇಲ್ಲದ ನಮ್ಮ ಅಕ್ಕ ತಂಗಿಯರು ತಮ್ಮದೇ ದೇಶದೊಳಗೆ ವಲಸಿಗರು. ಬಸ್ಸಿನಲ್ಲಿ ಶಕ್ತಿ ಯೋಜನೆಯ ಬಿಟ್ಟಿ ಟಿಕೇಟಿಗೂ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಬೇಕು. ಚೀಟಿಯ ವಿಳಾಸವನ್ನು ಹೇಗೋ ಬದಲಾಯಿಸಬಹುದು. ಜಾತಿಯ ವಿಳಾಸ ಬದಲಾಗುವುದಿಲ್ಲ. ಅಸ್ಪೃಶ್ಯತೆಗೆ ಪೋಳೆಂನಲ್ಲಿ ಚೆಕ್‌ಪೋಸ್ಟ್ ಇಲ್ಲ, ಅದು ಸಲೀಸಾಗಿ ಅವಳ ಜೊತೆಗೇ ದಾಟಿ ಬರುತ್ತದೆ. ಚೆಕ್‌ಪೋಸ್ಟ್ ಇರುವುದು ಅವಳ ಹಕ್ಕಿಗೆ. ಮನು ಹೆಣ್ಣನ್ನು ಗಂಡನ ಕುಲಕ್ಕೆ ಇಡಿಯಾಗಿ ಒಪ್ಪಿಸಿದ. ಈ ವ್ಯವಸ್ಥೆ ಮನುವಿನ ಮಾತನ್ನು ಅರ್ಧ ಇಟ್ಟುಕೊಂಡಿದೆ. ದುಡಿಯುವಾಗ ಗಂಡನ ಮನೆಯವಳು, ಹಕ್ಕು ಕೇಳುವಾಗ ಅಪ್ಪನ ಊರಿನವಳು. ಎರಡು ಕಡೆಯೂ ಅವಳಿಗೆ ನಷ್ಟವಾಗುವ ಅರ್ಧವನ್ನೇ ಆರಿಸಿಕೊಂಡಿದೆ. 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ರಾಜ್ಯ ದಾಟಿದ ದಲಿತರಿಗೂ ಉಂಟು ಎಂದಿತು. ಹೊಡೆಸಿಕೊಂಡಾಗ ಅವಳು ದಲಿತಳು ಎಂದು ಒಪ್ಪುವುದಾದರೆ, ಹೊಟ್ಟೆಪಾಡಿಗೆ ಕೆಲಸ ಕೇಳಿದಾಗ ಯಾಕೆ ಒಪ್ಪಬಾರದು?

ಆದ್ದರಿಂದ ಭಟ್ಕಳದ ಸೊಸೆಯೂ ಕಾಣಕೋಣದ ಸೊಸೆಯೂ ಒಂದೇ ಕಿಟಕಿಯ ಮುಂದಿನ ಒಂದೇ ಸಾಲು. ಒಬ್ಬಳಿಗೆ ದೇಶದ ಗೆರೆ, ಒಬ್ಬಳಿಗೆ ರಾಜ್ಯದ ಗೆರೆ. ಇವರಿಬ್ಬರನ್ನು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸುವುದು ಆಳುವವರ ಹುನ್ನಾರ. ಆ ಹುನ್ನಾರಕ್ಕೆ ನಾವು ಕೈಜೋಡಿಸುವುದಿಲ್ಲ.

ನಮ್ಮ ಬೇಡಿಕೆಗಳು ಸ್ಪಷ್ಟ.

ಒಂದು: ರೇಶನ್ ಕಾರ್ಡು ಒಲೆಯ ಲೆಕ್ಕದಲ್ಲಿ ಇರಲಿ. ಕಾನೂನುಬದ್ಧವಾಗಿ ಆ ಮನೆಯಲ್ಲಿ ಉಣ್ಣುವ ಎಲ್ಲರ ಹೆಸರೂ ಬರಲಿ.

ಎರಡು: ಯಜಮಾನಿಯ ಕಾಗದದ ಕಾರಣಕ್ಕೆ ಇಡೀ ಮನೆಯ ಪಾಲು ಸಾಯಬಾರದು. ಅವಳಿಗೆ ಕೊಡಲಾಗದಿದ್ದರೆ ಮಕ್ಕಳ ಖಾತೆಗೆ ಹಾಕಿ.

ಮೂರು: ವೀಸಾ ನವೀಕರಣದ ಅರ್ಜಿ ಕಚೇರಿಯಲ್ಲಿ ಕೊಳೆಯುತ್ತಿರುವಷ್ಟು ದಿನವೂ ತಾಯಿಯನ್ನು ಅಕ್ರಮದವಳು ಎನ್ನಬಾರದು. ಕಚೇರಿಯ ತಡಕ್ಕೆ ಕೂಸು ದಂಡ ತೆರಬಾರದು.

ನಾಲ್ಕು: ವೀಸಾ ಗಂಡನ ಸಹಿಗೆ ತೂಗುಬಿದ್ದಿರಬಾರದು. ಅವನು ಹೊಡೆದರೂ, ಬಿಟ್ಟರೂ, ಸತ್ತರೂ ಅವಳು ಮಕ್ಕಳ ಜೊತೆ ಇಲ್ಲೇ ಬದುಕುವಂತಿರಬೇಕು.

ಐದು: ಎರಡೂ ರಾಜ್ಯದ ಪಟ್ಟಿಯಲ್ಲಿರುವ ಜಾತಿಯ ಹೆಣ್ಣು ಮದುವೆಯಾಗಿ ಬಂದರೆ ಬಂದ ರಾಜ್ಯದಲ್ಲಿ ಪೂರ್ಣ ಹಕ್ಕು ಸಿಗಲಿ. ಪಟ್ಟಿಯನ್ನು ಮುಟ್ಟುವ ಅಧಿಕಾರ 341ನೇ ವಿಧಿಯಲ್ಲಿ ಪಾರ್ಲಿಮೆಂಟಿಗೆ ಇದೆ. ಮೀಸಲು ಕ್ಷೇತ್ರಗಳಿಂದ ಗೆದ್ದು ಹೋದವರು ಅಲ್ಲಿ ಬಾಯಿ ಬಿಡಲಿ.

ಆರು: ಬಾಯಿಮಾತಿನ ಆಗೂದಿಲ್ಲ ನಮಗೆ ಬೇಡ. ಇಲ್ಲ ಎನ್ನುವುದಾದರೆ ಯಾವ ಕಲಮಿನಲ್ಲಿ ಇಲ್ಲ ಎಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ ಕೊಡಿ.

ಈ ಆರನೆಯದನ್ನು ನಾಳೆಯೇ ಶುರು ಮಾಡಬಹುದು. ಅದಕ್ಕೆ ಪಾರ್ಲಿಮೆಂಟ್ ಬೇಡ. ಆಹಾರ ಭದ್ರತಾ ಕಾಯ್ದೆಯಲ್ಲೇ ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ರಾಜ್ಯಕ್ಕೊಂದು ಆಹಾರ ಆಯೋಗ ಇರಬೇಕು ಎಂದಿದೆ. ಹೆಸರು ಬಿಟ್ಟುಹೋದ ಪ್ರತಿ ಮನೆಯೂ ಅರ್ಜಿ ಬರೆಯಲಿ, ಸ್ವೀಕೃತಿ ಪಡೆಯಲಿ, ಉತ್ತರ ಕೇಳಲಿ. ಒಬ್ಬಳೇ ಹೋದರೆ ಕಿಟಕಿ ಮುಚ್ಚುತ್ತದೆ, ಹತ್ತು ಜನ ಹೋಗಿ. ಬರೆಯಲು ಬಾರದವರಿಗೆ ಓದಿದ ಹುಡುಗರು ಬರೆದುಕೊಡಲಿ. ನಮ್ಮ ಸಂಘಟನೆಗೆ ಇದಕ್ಕಿಂತ ದೊಡ್ಡ ಸಾಹಿತ್ಯ ಸದ್ಯಕ್ಕೆ ಇಲ್ಲ.

1962ರಲ್ಲಿ ಒಂದು ಹಾಳೆಯಿಂದ ಪರದೇಶಿ ಸೊಸೆಯನ್ನು ಮನೆಯವಳಾಗಿಸಿದ ಸರ್ಕಾರಕ್ಕೆ ಇವತ್ತು ಹಾಳೆಗೆ ಬರ ಬಂದಿಲ್ಲ. ಬಂದಿರುವುದು ಮನಸ್ಸಿಗೆ. ಆ ಮನಸ್ಸನ್ನು ಬೇಡಿ ತರುವುದಕ್ಕೆ ಆಗುವುದಿಲ್ಲ. ಸಾಲುಗಟ್ಟಿ ನಿಂತು, ಕಿಟಕಿ ಬಡಿದು, ಎಬ್ಬಿಸಿ ತರಬೇಕು.